ಪರದೇಶದಲ್ಲಿ ಅನ್ನದ ಭದ್ರತೆ: ಸುಡಾನ್ ಪ್ರಕರಣ

ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಗುಳೆ ಹೋದವರು ‘ಒಂದು ದೇಶ, ಒಂದು ಪಡಿತರ ಚೀಟಿ’ಯಡಿ ಹೊರರಾಜ್ಯದಲ್ಲೂ ಪಡಿತರ ಪಡೆಯಬಹುದು. ದೇಶದ ಗಡಿ ದಾಟಿದರೆ ಆ ಚೀಟಿ ನಡೆಯದು.

ಸುಡಾನಿಗೆ ಹೋದವರ ಪಾಡೇ ಇದಕ್ಕೆ ಉದಾಹರಣೆ. ಅಲ್ಲಿ 2021ರಲ್ಲೇ ಹಣದುಬ್ಬರ ಶೇ 300 ದಾಟಿತ್ತು. 2023ರ ಏಪ್ರಿಲ್ 15ರಂದು ಸೇನೆ ಮತ್ತು ಅರೆಸೇನಾ ಪಡೆ ಆರ್‌ಎಸ್‌ಎಫ್ ನಡುವೆ ಕಾಳಗ ಶುರುವಾಯಿತು. ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಬುಡಕಟ್ಟಿನವರು ಅಲ್ಲಿನ ಎಲ್ ಫಾಶೆರ್ ನಗರದಲ್ಲಿ ಸಿಲುಕಿ ಊಟ, ನೀರಿಗೂ ಪರದಾಡಿದರು. ಭಾರತೀಯರನ್ನು ಮರಳಿ ಕರೆತರಲು ಏಪ್ರಿಲ್ 24ರಂದು ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ ಆರಂಭವಾಯಿತು. 3,862 ಮಂದಿಯನ್ನು ಕರೆತರಲಾಯಿತು. ಬಹುಪಾಲು ಜನ ಬಂದದ್ದು ಪೋರ್ಟ್ ಸುಡಾನ್–ಜೆಡ್ಡಾ ಮಾರ್ಗವಾಗಿ.

ನೆನಪಿಡಿ: ವಿದೇಶದಲ್ಲಿ ಸಂಕಷ್ಟಕ್ಕೆ ಸಿಲುಕಿದ ಭಾರತೀಯರಿಗೆ ಊಟ, ವಸತಿ, ತುರ್ತು ಚಿಕಿತ್ಸೆ ಮತ್ತು ಮರಳುವ ವಿಮಾನ ಟಿಕೆಟ್ ಒದಗಿಸಲು 2009ರಲ್ಲಿ ‘ಭಾರತೀಯ ಸಮುದಾಯ ಕಲ್ಯಾಣ ನಿಧಿ’ ಸ್ಥಾಪನೆಯಾಯಿತು. ಇದನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಗಳೇ ನಿರ್ವಹಿಸುತ್ತವೆ.