ಸೈಟಿಗೆ ಯಾರು, ಯಾವ ಹೊತ್ತಿಗೆ ಬಂದರು? ಬಿಗ್‌ಕ್ವೆರಿಯಲ್ಲಿ ನೀವೇ ಲೆಕ್ಕ ನೋಡಿ

ವೆಬ್‌ಸೈಟ್ ನಡೆಸುವವರಿಗೆ ಗೂಗಲ್ ಅನಲಿಟಿಕ್ಸ್ ಸಿದ್ಧ ವರದಿ ಕೊಡುತ್ತದೆ. ಆದರೆ ಅದು ತನಗೆ ತೋಚಿದ ಪ್ರಶ್ನೆಗೆ ಕೊಟ್ಟ ಉತ್ತರ. ನಿಮ್ಮ ಪ್ರಶ್ನೆ ಬೇರೆ ಇದ್ದರೆ? ಉಚಿತ ಆವೃತ್ತಿಯಲ್ಲಿ ಬಳಕೆದಾರರ ಬಿಡಿ ವಿವರ ಉಳಿಯುವುದೂ ಹೆಚ್ಚೆಂದರೆ 14 ತಿಂಗಳು. ಈ ಯುಗಾದಿಯನ್ನು ಎರಡು ವರ್ಷ ಹಿಂದಿನ ಯುಗಾದಿಯ ಪಕ್ಕದಲ್ಲಿಟ್ಟು ಬಿಡಿಬಿಡಿಯಾಗಿ ನೋಡೋಣವೆಂದರೆ ಆಗದು. ಆ ಬಿಡಿ ದತ್ತಾಂಶವನ್ನು ಗೂಗಲ್‌ನ ಕ್ಲೌಡ್ ಉಗ್ರಾಣವಾದ ಬಿಗ್‌ಕ್ವೆರಿಗೆ ತುಂಬಿಸಿಕೊಂಡರೆ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ. ಸಣ್ಣ ಸೈಟಿಗೆ ಇದಕ್ಕೆ ಖರ್ಚೂ ಅಷ್ಟಾಗಿ ಇಲ್ಲ.

1. ಪ್ರಾಜೆಕ್ಟ್ ತೆರೆಯಿರಿ
ಗೂಗಲ್ ಕ್ಲೌಡ್ ಕನ್ಸೋಲ್‌ಗೆ ಹೋಗಿ ಹೊಸ ಪ್ರಾಜೆಕ್ಟ್ ಮಾಡಿ. ಕ್ರೆಡಿಟ್ ಕಾರ್ಡ್ ಕೊಡದೆಯೇ ‘ಸ್ಯಾಂಡ್‌ಬಾಕ್ಸ್’ ಬಳಸಬಹುದು. ತಿಂಗಳಿಗೆ 10 ಜಿಬಿ ಸಂಗ್ರಹ, 1 ಟಿಬಿಯಷ್ಟು ದತ್ತಾಂಶ ಓದುವುದು ಉಚಿತ. ಆದರೆ ಸ್ಯಾಂಡ್‌ಬಾಕ್ಸ್‌ನ ಟೇಬಲ್‌ಗಳು 60 ದಿನಕ್ಕೆ ತಾವೇ ಅಳಿಸಿಹೋಗುತ್ತವೆ. ವರ್ಷಗಟ್ಟಲೆ ಇಡಬೇಕೆಂದರೆ ಬಿಲ್ಲಿಂಗ್ ಚಾಲೂ ಮಾಡಿ, ಡೇಟಾಸೆಟ್ ಮತ್ತು ಹಳೆಯ ಟೇಬಲ್‌ಗಳ ಅವಧಿಯನ್ನೂ ಬದಲಿಸಿ. ಈ ಎರಡನೆಯ ಕೆಲಸವನ್ನೇ ಹಲವರು ಮರೆಯುವುದು.

2. ಅನಲಿಟಿಕ್ಸ್ ಜೋಡಿಸಿ
ಅನಲಿಟಿಕ್ಸ್‌ನ ‘ಅಡ್ಮಿನ್’ನಲ್ಲಿ ‘ಬಿಗ್‌ಕ್ವೆರಿ ಲಿಂಕ್ಸ್’ ಒತ್ತಿ, ಪ್ರಾಜೆಕ್ಟ್ ಆರಿಸಿ. ದತ್ತಾಂಶ ಯಾವ ಊರಿನ ಕೇಂದ್ರದಲ್ಲಿರಬೇಕು ಎಂದು ಕೇಳುತ್ತದೆ. ಮುಂಬೈ, ದೆಹಲಿ ಎರಡೂ ಇವೆ. ಒಮ್ಮೆ ಆರಿಸಿದ ಡೇಟಾಸೆಟ್‌ನ ಜಾಗ ಬದಲಿಸಲಾಗದು, ಯೋಚಿಸಿ ಒತ್ತಿ. ನಂತರ ‘ಡೈಲಿ’ ಆಯ್ಕೆ ಮಾಡಿ. ಉಚಿತ ಅನಲಿಟಿಕ್ಸ್‌ನಲ್ಲಿ ದಿನಕ್ಕೆ 10 ಲಕ್ಷ ಇವೆಂಟ್‌ಗಳವರೆಗೆ ಹೀಗೆ ರವಾನೆಯಾಗುತ್ತವೆ. ಜೋಡಿಸಿದ ದಿನಕ್ಕಿಂತ ಹಿಂದಿನದು ಮಾತ್ರ ಬರುವುದಿಲ್ಲ.

3. ಟೇಬಲ್ ಪರಿಚಯ ಮಾಡಿಕೊಳ್ಳಿ
ದಿನಕ್ಕೊಂದು ಟೇಬಲ್, ಹೆಸರಿನ ಕೊನೆಯಲ್ಲಿ ತಾರೀಖು. ಒಂದೊಂದು ಸಾಲೂ ಒಂದು ಇವೆಂಟ್: ಪುಟ ತೆರೆದದ್ದು, ಕೆಳಗೆ ಸ್ಕ್ರಾಲ್ ಮಾಡಿದ್ದು, ಲಿಂಕ್ ಒತ್ತಿದ್ದು. ಓದುಗರ ಹೆಸರು ಇರುವುದಿಲ್ಲ, ಬ್ರೌಸರ್‌ಗೆ ಕೊಟ್ಟ ಗುರುತಿನ ಸಂಖ್ಯೆ ಇರುತ್ತದೆ. ಹಾಗಾಗಿ ಫೋನಿನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಓದಿದವರು ಇಬ್ಬರಾಗಿ ಎಣಿಕೆಯಾಗಬಹುದು. ಪುಟದ ವಿಳಾಸ ‘ಇವೆಂಟ್ ಪ್ಯಾರಾಮ್ಸ್’ ಎಂಬ ಕಾಲಮ್ಮಿನೊಳಗೆ, ಡಬ್ಬಿಯೊಳಗಿನ ಡಬ್ಬಿಯಂತೆ ಕೂತಿರುತ್ತದೆ. ಅದನ್ನು ಬಿಚ್ಚಲು, ದತ್ತಾಂಶಕ್ಕೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ ‘ಅನ್‌ನೆಸ್ಟ್’ ಬೇಕು.

4. ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ
‘ಯುಗಾದಿ ದಿನ ಒಬ್ಬಟ್ಟಿನ ಪುಟಕ್ಕೆ ಗಂಟೆಗೆ ಎಷ್ಟು ಜನ ಬಂದರು?’ ಇದನ್ನು ಒಡೆದರೆ ಎಸ್‌ಕ್ಯೂಎಲ್ ತಾನೇ ಸಿಗುತ್ತದೆ. ‘ಯುಗಾದಿ ದಿನ’ ಎಂದರೆ ಯಾವ ಟೇಬಲ್ ಎಂಬುದು, ಅದು ‘ಫ್ರಮ್’. ‘ಒಬ್ಬಟ್ಟಿನ ಪುಟ’ ಎಂಬುದು ಷರತ್ತು, ಅದು ‘ವೇರ್’. ‘ಗಂಟೆಗೆ’ ಎಂಬುದು ‘ಗ್ರೂಪ್ ಬೈ’. ‘ಎಷ್ಟು ಜನ’ ಎಂಬುದು ‘ಕೌಂಟ್ ಡಿಸ್ಟಿಂಕ್ಟ್’. ಬರೀ ‘ಕೌಂಟ್’ ಹಾಕಿದರೆ ಪುಟವನ್ನು ನಾಲ್ಕು ಸಲ ತೆರೆದವರು ನಾಲ್ವರಾಗುತ್ತಾರೆ.

5. ಗಡಿಯಾರ ಸರಿಪಡಿಸಿ
ನನ್ನ ಅಡುಗೆ ಸೈಟಿಗೆ ಇದೇ ಲೆಕ್ಕ ಹಾಕಿದಾಗ ರಾತ್ರಿ 12ರಿಂದ 1ರ ನಡುವೆ ಜನ ಮುಗಿಬಿದ್ದಂತೆ ಕಂಡಿತು. ಹಬ್ಬದ ನಡುರಾತ್ರಿ ಹೂರಣ ರುಬ್ಬುವವರು ಯಾರಪ್ಪ ಎಂದು ತಲೆ ಕೆರೆದುಕೊಂಡೆ. ಕೊನೆಗೆ ಹೊಳೆದದ್ದು ಇಷ್ಟೇ: ಟೇಬಲ್‌ನಲ್ಲಿರುವ ಸಮಯ ಯುಟಿಸಿ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ನಡುರಾತ್ರಿ ನಿಜವಾಗಿ ಬೆಳಿಗ್ಗೆ 5.30ರಿಂದ 6.30. ಗಂಟೆ ತೆಗೆಯುವ ಜಾಗದಲ್ಲಿ ಟೈಮ್ ಜೋನ್ ‘ಏಷ್ಯಾ/ಕೋಲ್ಕತ್ತಾ’ ಎಂದು ನಮೂದಿಸಿದರೆ ಈ ಎಡವಟ್ಟು ಆಗದು.

6. ಖರ್ಚಿನ ಮೇಲೆ ಕಣ್ಣಿಡಿ
ಬಿಗ್‌ಕ್ವೆರಿ ದತ್ತಾಂಶವನ್ನು ಕಾಲಮ್ಮಿನಂತೆ ಜೋಡಿಸಿಡುತ್ತದೆ, ಓದಿದ ಕಾಲಮ್ಮಿಗೆ ಲೆಕ್ಕ ಹಿಡಿಯುತ್ತದೆ. ‘ಸೆಲೆಕ್ಟ್’ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ಕಾಲಮ್ಮಿಗೂ ಲೆಕ್ಕ ಬಿತ್ತೆಂದೇ ಅರ್ಥ. ‘ಲಿಮಿಟ್ 10’ ಹಾಕಿದರೆ ಈ ಟೇಬಲ್‌ಗಳಲ್ಲಿ ಖರ್ಚು ಇಳಿಯದು; ತೋರಿಸುವುದು ಹತ್ತು ಸಾಲು, ಓದುವುದು ಪೂರ್ತಿ. ಬೇಕಾದ ಕಾಲಮ್, ಬೇಕಾದ ತಾರೀಖು ಮಾತ್ರ ಹೆಸರಿಸಿ. ‘ರನ್’ ಒತ್ತುವ ಮೊದಲು ಎಷ್ಟು ಓದಲಿದೆ ಎಂಬ ಅಂದಾಜನ್ನು ಎಡಿಟರ್ ತೋರಿಸುತ್ತದೆ. ಅದನ್ನು ನೋಡದೆ ಒತ್ತಬೇಡಿ.

7. ಕೈ ಪಳಗಿಸಿಕೊಳ್ಳಿ
ನಿಮ್ಮ ಸೈಟಿನ ಟೇಬಲ್ ತುಂಬುವವರೆಗೆ ಅಭ್ಯಾಸಕ್ಕೆ ಗೂಗಲ್ ತನ್ನದೇ ಮರ್ಚಂಡೈಸ್ ಸ್ಟೋರ್‌ನ ಮಾದರಿ ದತ್ತಾಂಶವನ್ನು ಸಾರ್ವಜನಿಕವಾಗಿ ಇಟ್ಟಿದೆ: 2020ರ ನವೆಂಬರ್‌ನಿಂದ 2021ರ ಜನವರಿವರೆಗಿನದು. ಕೈ ಕೂಡಿದ ಮೇಲೆ ಉತ್ತರಗಳನ್ನು ಚಿಕ್ಕ ಟೇಬಲ್‌ನಲ್ಲಿ ಉಳಿಸಿ, ಲುಕರ್ ಸ್ಟುಡಿಯೋದಲ್ಲಿ ಚಾರ್ಟ್ ಮಾಡಿಕೊಳ್ಳಿ.

ಎಸ್‌ಕ್ಯೂಎಲ್ ಕಲಿತ ಮೇಲೆ ಜೋಡಿಸೋಣ ಎಂದು ಕಾಯುವವರು ಹೆಚ್ಚು. ಕ್ರಮ ತಿರುವಿ ಹಾಕಿ: ಇವತ್ತೇ ಜೋಡಿಸಿ, ನಿಧಾನಕ್ಕೆ ಕಲಿಯಿರಿ. ನಾನು ಜೋಡಿಸುವ ಹಿಂದಿನ ವರ್ಷದ ಹಬ್ಬದಲ್ಲಿ ಒಬ್ಬಟ್ಟಿನ ಪುಟ ಎಷ್ಟು ಹೊತ್ತಿಗೆ ತೆರೆದುಕೊಂಡಿತ್ತೋ, ಅದರ ಒಂದು ಸಾಲೂ ನನ್ನ ಉಗ್ರಾಣದಲ್ಲಿ ಇಲ್ಲ.