ಬಿಡದಿಗೆ ಹೊರಟವನಿಗೆ

ಮಗಾ, ಸೋಮವಾರದಿಂದ ಬಿಡದಿ ಫ್ಯಾಕ್ಟರಿಗೆ ಹೋಗ್ತೀಯಂತೆ. ನಿನ್ನ ಸಂಬಳ ಎಷ್ಟು ಅಂತ ನಿಮ್ಮಪ್ಪ ಕುದೂರು ಬಸ್‌ಸ್ಟ್ಯಾಂಡಿನಲ್ಲೆಲ್ಲ ಸಾರಿಯಾಗಿದೆ. ನಾನು ಕೇಳೋದು ಬೇರೆ. ನಿನ್ನ ಸೂಪರ್‌ವೈಸರ್ ಎಂಥವನು? ಯೂನಿಯನ್ ಲೀಡರ್ ಎಲೆಕ್ಷನ್ ಆದಮೇಲೂ ಲೈನಿನ ಹತ್ತಿರ ಬರ್ತಾನಾ?

ನಾನು ಗಿರಣಿಯಲ್ಲಿ ಮೂವತ್ತು ವರ್ಷ ಸವೆಸಿದವನು. ಒಬ್ಬ ಮೇಸ್ತ್ರಿಯಿದ್ದ, ನೀರು ಕುಡಿಯೋದಕ್ಕೂ ಅವನ ಕಣ್ಸನ್ನೆ ಕಾಯಬೇಕಿತ್ತು. ಅವನಿದ್ದಾಗ ಒಂದು ವರ್ಷ ಬೋನಸ್ ಜಾಸ್ತಿಯೇ ಬಂತು, ಆದರೂ ಸೈರನ್ ಕೂಗಿದರೆ ಹೊಟ್ಟೆ ತೊಳಸೋದು. ಅವನ ಜಾಗಕ್ಕೆ ಬಂದವನು ದೊಡ್ಡದೇನೂ ಮಾಡಲಿಲ್ಲ. ಶಿಫ್ಟಿಗೆ ಮೊದಲು ಮಗ್ಗ ಮಗ್ಗದ ಮುಂದೆ ನಿಂತು "ಏನಾದ್ರೂ ಇದೆಯೇನಪ್ಪಾ?" ಅನ್ನೋನು, ಹೇಳಿದ್ದನ್ನ ಬೀಡಿ ಕಟ್ಟಿನ ಕಾಗದದ ಮೇಲೆ ಗುರುತು ಹಾಕಿಕೊಳ್ಳೋನು. ಅದೇ ಸಂಬಳ, ಅದೇ ಮಗ್ಗ. ಸೈರನ್ ಮಾತ್ರ ಬೇರೆ ಥರ ಕೇಳಿಸತೊಡಗಿತು.

ಕೇಳಿಸಿಕೊಳ್ಳೋದಕ್ಕೆ ಏರ್ಪಾಡೂ ಇರುತ್ತೆ. ಟೊಯೋಟಾ ಪದ್ಧತಿಯಲ್ಲಿ ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದರೆ ಮೇಲಿನವರು ಓಡಿ ಬರ್ತಾರೆ, ಬೇಕಾದರೆ ಲೈನೇ ನಿಲ್ಲುತ್ತೆ. ಲೋಕ ಮೆಚ್ಚಿದ ಏರ್ಪಾಡು. ಅಂಥ ಕಂಪನಿಯ ಬಿಡದಿ ಕಾರ್ಖಾನೆಯಲ್ಲೇ 2014ರಲ್ಲಿ ಬೀಗಮುದ್ರೆ ಬಿತ್ತು. ಜಗಳ ಸಂಬಳದಿಂದ ಶುರುವಾಗಿ ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕು ಅನ್ನೋದರಲ್ಲಿ ಸಿಕ್ಕಿಕೊಂಡಿತು. 2020ರ ನವೆಂಬರಿನಲ್ಲಿ ಮತ್ತೆ. ಕೆಲಸದ ಒತ್ತಡ ಮಿತಿಮೀರಿದೆ ಅಂತ ಕಾರ್ಮಿಕರು, ಶಿಸ್ತು ಮುರಿದರು ಅಂತ ಕಂಪನಿ. ಸರ್ಕಾರ ಮುಷ್ಕರ, ಬೀಗಮುದ್ರೆ ಎರಡನ್ನೂ ನಿಷೇಧಿಸಿದರೂ ಜಗಳ ಮುಂದಿನ ಮಾರ್ಚ್‌ವರೆಗೆ ಎಳೆಯಿತು. ಯಾರದು ಸರಿ ಅಂತ ತೀರ್ಪು ಹೇಳೋಕೆ ನಾನ್ಯಾರು? ಮನುಷ್ಯನ ದಣಿವಿಗೂ ಒಂದು ಹಗ್ಗ ಬೇಕಾಗಿತ್ತು ಅಂತ ಮಾತ್ರ ಅನ್ನಿಸುತ್ತೆ.

ಮ್ಯಾನೇಜ್‌ಮೆಂಟನ್ನೇ ಬಯ್ಯಬೇಡ. ಯೂನಿಯನ್ ಕಾರ್ಯದರ್ಶಿಯಾಗಿ ನಾನೂ ಒಂದು ಪಾಪ ಮಾಡಿದ್ದೇನೆ. ಲೇಬರ್ ಆಫೀಸರ ಮುಂದೆ 12(3) ಅನ್ನೋ ರಾಜಿ ಒಪ್ಪಂದವಾಯಿತು. ಗೇಟ್ ಮೀಟಿಂಗಿನಲ್ಲಿ ಸಂಬಳ ಹೆಚ್ಚಿದ್ದನ್ನಷ್ಟೇ ಕೂಗಿ ಹಾರ ಹಾಕಿಸಿಕೊಂಡೆ. ಒಬ್ಬನಿಗೆ ಎರಡು ಮಗ್ಗ ಜಾಸ್ತಿ ಅನ್ನೋ ಷರತ್ತು ಕೊನೇ ಪುಟದಲ್ಲಿತ್ತು, ಅದನ್ನ ನುಂಗಿದೆ. ತಿಂಗಳೊಳಗೆ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಕ್ಯಾಂಟೀನಿನಲ್ಲಿ ನನ್ನ ಬೆಂಚಿಗೆ ಯಾರೂ ಬಂದು ಕೂರಲಿಲ್ಲ. ಸೋತದ್ದನ್ನೂ ಬಾಯಿಬಿಟ್ಟು ಹೇಳುವ ಲೀಡರ್ ಸಿಕ್ಕರೆ ಚಂದಾ ಕೊಡು. ಒಪ್ಪಂದದ ಪ್ರತಿ ಕೇಳಿ ಇಸ್ಕೋ, ಹಿಂದಿನಿಂದ ಓದು.

ನಿಮ್ಮಜ್ಜಿ ರಾಮನಗರದ ರೇಷ್ಮೆ ಫಿಲೇಚರಿನಲ್ಲಿ ಬಿಸಿನೀರಿಗೆ ಕೈಯಿಟ್ಟು ನೂಲು ಬಿಚ್ಚಿದವಳು. ಅವಳಿಗೆ ಯೂನಿಯನ್ನೂ ಇಲ್ಲ, ಮ್ಯಾನೇಜರೂ ಇಲ್ಲ; ಮುಂಗಡ ಕೊಟ್ಟ ಮಾಲೀಕ ಅಂದದ್ದೇ ಕಾನೂನು. ನಿನಗೆ ಕೇಳೋಕೆ ಇಬ್ಬರಾದರೂ ಇದ್ದಾರೆ.

ಮೊದಲ ತಿಂಗಳು ಯಾರ ಪರವೂ ಮಾತಾಡಬೇಡ. ಬಾತ್‌ರೂಮಿಗೆ ಹೋಗಬೇಕು ಅಂದಾಗ ರಿಲೀವರ್ ಎಷ್ಟು ಹೊತ್ತಿಗೆ ಬರ್ತಾನೆ, ಅದೊಂದನ್ನ ನೋಡಿಕೋ. ದಸರಾಕ್ಕೆ ಊರಿಗೆ ಬಂದಾಗ ನನಗೆ ಹೇಳು.