ತುವಾಲು ಮುಳುಗುತ್ತಿದೆಯೇ, ಬೆಳೆಯುತ್ತಿದೆಯೇ?

ಪ್ರಶ್ನೆ: ಪೆಸಿಫಿಕ್ ಸಾಗರದ ತುವಾಲು ದೇಶ ಮುಳುಗಿಹೋಗುತ್ತಿದೆ ಎಂದು ವರ್ಷಗಳಿಂದ ಓದುತ್ತಿದ್ದೇನೆ. ಈಚೆಗೆ ಅದರ ನೆಲ ಹೆಚ್ಚಾಗಿದೆ ಎಂಬ ಸುದ್ದಿಯನ್ನೂ ನೋಡಿದೆ. ಯಾವುದು ನಿಜ? ಆ ಜನ ಮುಂದೆ ಎಲ್ಲಿಗೆ ಹೋಗುತ್ತಾರೆ?
– ಓದುಗರೊಬ್ಬರು, ಕುಂದಾಪುರ

ಎರಡು ಸುದ್ದಿಗೂ ಆಧಾರವಿದೆ. ನೆಲ ಹೆಚ್ಚಿದ್ದು ನಿಜ, ಆ ನೆಲದ ಮೇಲೆ ಬದುಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವುದೂ ನಿಜ. ತೊಡಕಿರುವುದು 'ಮುಳುಗು' ಎಂಬ ಮಾತಿನಲ್ಲಿ. ಆ ಮಾತು ಕೇಳಿದೊಡನೆ ಅಲೆ ಏರಿ ಬಂದು ಊರನ್ನು ನುಂಗುವ ಚಿತ್ರ ಕಣ್ಣಿಗೆ ಕಟ್ಟುತ್ತದೆ. ತುವಾಲುವಿನಲ್ಲಿ ಕಡಲು ಮೊದಲು ಬರುವುದು ಕಾಲಡಿಯಿಂದ, ಕೆಸು ಬೆಳೆಯಲು ತೋಡಿದ ಹೊಂಡದೊಳಕ್ಕೆ. ಬೇಸಿಗೆಯಲ್ಲಿ ಹೊಳೆಬದಿಯ ಬಾವಿಯ ನೀರು ಉಪ್ಪಾಗುವುದನ್ನು ಕಂಡ ಕರಾವಳಿಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಹವಾಯಿಗೂ ಆಸ್ಟ್ರೇಲಿಯಾಕ್ಕೂ ನಡುವೆ ಚದುರಿ ಬಿದ್ದ ಒಂಬತ್ತು ದ್ವೀಪಗಳ ದೇಶ ಇದು. ಎಲ್ಲ ಕೂಡಿಸಿದರೂ ನೆಲ 26 ಚದರ ಕಿಲೋಮೀಟರ್, ಜನ ಹನ್ನೊಂದು ಸಾವಿರದ ಆಸುಪಾಸು. ಅತಿ ಎತ್ತರದ ಜಾಗವೂ ಐದು ಮೀಟರ್ ಮುಟ್ಟುವುದಿಲ್ಲ. ತುವಾಲು ಎಂದರೆ ಒಟ್ಟಾಗಿ ನಿಂತ ಎಂಟು ಎಂದರ್ಥ. ಒಂಬತ್ತನೆಯದರಲ್ಲಿ ಹಿಂದೆ ಕಾಯಂ ಜನವಸತಿ ಇರಲಿಲ್ಲ.

ನಿಜವಾಗಿ ಮುಳುಗಿದ್ದು ಒಂದಿದೆ. ಅದು ಈ ದ್ವೀಪಗಳ ಅಡಿಯ ಬೆಟ್ಟ. ಕಡಲಿಂದೆದ್ದ ಜ್ವಾಲಾಮುಖಿ ಆರಿದ ಮೇಲೆ ಲಕ್ಷಾಂತರ ವರ್ಷಗಳಲ್ಲಿ ಕುಸಿಯುತ್ತಾ ಹೋಗುತ್ತದೆ, ಅದರ ಅಂಚಿಗೆ ಕಚ್ಚಿಕೊಂಡ ಹವಳ ಬಿಸಿಲಿಗಾಗಿ ಮೇಲೆ ಮೇಲೆ ಬೆಳೆಯುತ್ತದೆ, ಕೊನೆಗೆ ಬೆಟ್ಟ ಮರೆಯಾಗಿ ಹವಳದ ಬಳೆಯೊಂದು ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಬರೆದರು. ಇದನ್ನು ಒರೆಗೆ ಹಚ್ಚಲು ಲಂಡನ್ನಿನ ರಾಯಲ್ ಸೊಸೈಟಿ 1896ರಿಂದ 1898ರವರೆಗೆ ನೆಲ ಕೊರೆಸಿದ್ದು ತುವಾಲುವಿನ ಫುನಾಫುತಿ ದ್ವೀಪದಲ್ಲೇ. ಸುಮಾರು 340 ಮೀಟರ್ ಇಳಿದರೂ ಸಿಕ್ಕಿದ್ದು ಹವಳದ ಸುಣ್ಣಕಲ್ಲು ಮಾತ್ರ. ನಮ್ಮ ಲಕ್ಷದ್ವೀಪದ್ದೂ ಇದೇ ಜಾತಿಯ ನೆಲ. ಅದರ ಅಮಿನ್‌ದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು ಎಂಬುದು ನಮ್ಮಲ್ಲಿ ಹಲವರಿಗೆ ಮರೆತುಹೋಗಿದೆ.

ಆ ಬಳೆಯ ಮೇಲೆ ಅಲೆ ತಂದು ಸುರಿದ ಹವಳದ ಚೂರು, ಚಿಪ್ಪಿನ ಪುಡಿ, ಮರಳು ಇವೇ ಜನ ವಾಸಿಸುವ ನೆಲ. ಹೀಗಾಗಿ ಅದು ಒಂದೆಡೆ ಕರಗುತ್ತದೆ, ಇನ್ನೊಂದೆಡೆ ಬೆಳೆಯುತ್ತದೆ. 1972ರ ಅಕ್ಟೋಬರಿನಲ್ಲಿ ಬೆಬೆ ಚಂಡಮಾರುತ ಫುನಾಫುತಿಯ ಮನೆಗಳನ್ನು ಕೆಡವಿ ಹಾಕಿತು; ಅದೇ ಬಿರುಗಾಳಿ ಹವಳದ ಚೂರುಗಳನ್ನು ಎತ್ತಿ ತಂದು ದಂಡೆಗುಂಟ ಹತ್ತೊಂಬತ್ತು ಕಿಲೋಮೀಟರ್ ಉದ್ದದ ದಿಬ್ಬವನ್ನೂ ಕಟ್ಟಿತು. ನೀವು ಓದಿದ ಸುದ್ದಿಯ ಮೂಲ 2018ರ ಒಂದು ಅಧ್ಯಯನ. ನ್ಯೂಜಿಲೆಂಡಿನ ಪಾಲ್ ಕೆಂಚ್ ಮತ್ತು ಸಂಗಡಿಗರು ಆಕಾಶದಿಂದ ತೆಗೆದ ಹಳೆಯ ಹೊಸ ಚಿತ್ರಗಳನ್ನು ಹೋಲಿಸಿ, 1971ರಿಂದ 2014ರೊಳಗೆ ತುವಾಲುವಿನ ಒಟ್ಟು ನೆಲ ಶೇ. 2.9ರಷ್ಟು ಹೆಚ್ಚಿದೆ ಎಂದು ತೋರಿಸಿದರು. ಆ ಒಂಬತ್ತು ದ್ವೀಪಗಳಲ್ಲಿ ದೊಡ್ಡ ಚಿಕ್ಕ ನಡುಗಡ್ಡೆಗಳೆಲ್ಲ ಸೇರಿ 101 ಇದ್ದವು. ಮುಕ್ಕಾಲು ಪಾಲು ಹಿಗ್ಗಿದ್ದವು, ಉಳಿದವು ಕುಗ್ಗಿದ್ದವು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಚಿತ್ರಗಳಲ್ಲಿ ಕಾಣುವುದು ದಂಡೆಯ ಗೆರೆ. ಒಳಗಿನ ನೀರು ಸಿಹಿಯೋ ಉಪ್ಪೋ ಎಂಬುದು ಕಾಣುವುದಿಲ್ಲ. ಮರಳು ಒದಗಿಸುವ ಹವಳವೇ ಕಡಲು ಕಾದು ಬಿಳಿಚಿ ಸಾಯತೊಡಗಿದರೆ ಈ ಬೆಳವಣಿಗೆ ಎಷ್ಟು ಕಾಲ ನಡೆದೀತು ಎಂಬ ಚಿಂತೆಯೂ ಇದ್ದೇ ಇದೆ.

ಈಗ ನೀರಿನ ವಿಷಯ. ತುವಾಲುವಿನಲ್ಲಿ ನದಿ ಇಲ್ಲ, ಹೊಳೆ ಇಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ಹಗುರವಾಗಿ ತೇಲುತ್ತಾ ನಿಲ್ಲುತ್ತದೆ. ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ನಲವತ್ತು ಅಡಿ ಇರಬೇಕೆಂಬುದು ಪುಸ್ತಕದ ಲೆಕ್ಕ. ಒಂದು ಕಲ್ಲೆಸೆದರೆ ಆಚೆ ದಡ ಮುಟ್ಟುವಷ್ಟು ಅಗಲದ ನೆಲದಲ್ಲಿ ಅಷ್ಟು ಸಿಗುವುದಿಲ್ಲ, ಸಿಗುವುದು ತೆಳ್ಳನೆಯ ಪದರ. ತುವಾಲುವಿನ ಹಿರಿಯರು ಆ ಪದರ ಮುಟ್ಟುವವರೆಗೆ ಹೊಂಡ ತೋಡಿ, ಎಲೆಗೊಬ್ಬರ ಹಾಕಿ, ಪುಲಾಕ ಎಂಬ ದೈತ್ಯ ಕೆಸುವನ್ನು ಬೆಳೆದರು. ಬೆಳೆ ಬಲಿಯಲು ವರ್ಷಗಳೇ ಬೇಕು. ಜೊತೆಗೆ ತೆಂಗು, ಜೀಗುಜ್ಜೆ, ಬಾಳೆ, ಮೀನು. ತೆಂಗಿನ ಹೊಂಬಾಳೆ ಕಟ್ಟಿ ಕಳ್ಳು ಇಳಿಸುವುದೂ ಅಲ್ಲಿ ಹಳೆಯ ಕಸುಬು. ಆ ಊಟದ ಪಟ್ಟಿ ಓದಿದಾಗ ನನಗೆ ನಮ್ಮ ಕರಾವಳಿಯ ಹಿತ್ತಲೇ ನೆನಪಾಗುತ್ತದೆ. ಹೊಂಡಕ್ಕೆ ಒಮ್ಮೆ ಉಪ್ಪುನೀರು ನುಗ್ಗಿದರೆ ಗಡ್ಡೆ ಕೊಳೆಯುತ್ತದೆ. ಮಳೆ ಬಂದು ಉಪ್ಪನ್ನು ತೊಳೆಯುವವರೆಗೆ ಹೊಸ ಸಸಿಯೂ ಏಳುವುದಿಲ್ಲ. ಕುಡಿಯುವ ನೀರಿಗೆ ಈಗ ಮನೆಯ ಸೂರಿನಿಂದ ಇಳಿಸಿದ ಮಳೆನೀರಿನ ತೊಟ್ಟಿಯೇ ಮುಖ್ಯ ಆಸರೆ. 2011ರಲ್ಲಿ ಮಳೆ ಕೈಕೊಟ್ಟಾಗ ಸರ್ಕಾರ ತುರ್ತು ಪರಿಸ್ಥಿತಿ ಸಾರಿ ಹೊರದೇಶಗಳಿಂದ ನೀರು ತರಿಸಬೇಕಾಯಿತು.

ತುವಾಲುವಿನ ಕಷ್ಟಗಳೆಲ್ಲ ಹವಾಮಾನ ಬದಲಾವಣೆಯಿಂದಲೇ ಬಂದವೆಂದು ಹೇಳಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. 1863ರಲ್ಲಿ ಪೆರುವಿನ ಗುಲಾಮ ವ್ಯಾಪಾರಿಗಳ ಹಡಗುಗಳು ಫುನಾಫುತಿ ಮತ್ತು ನುಕುಲಾಯ್‌ಲಾಯ್ ದ್ವೀಪಗಳಿಂದ ಸುಮಾರು 400 ಜನರನ್ನು ನಂಬಿಸಿ ಹೊತ್ತೊಯ್ದವು; ಮರಳಿ ಬಂದವರು ಇಲ್ಲವೆಂದೇ ಹೇಳಬೇಕು. 1892ರಲ್ಲಿ ಬ್ರಿಟಿಷರ ಆಳ್ವಿಕೆ ಬಂತು. ಎಲಿಸ್ ದ್ವೀಪಗಳೆಂಬ ಹೆಸರಿನಲ್ಲಿ, ಈಗ ಕಿರಿಬಾಸ್ ಎನಿಸಿಕೊಂಡಿರುವ ಗಿಲ್ಬರ್ಟ್ ದ್ವೀಪಗಳ ಜೊತೆ ಇವನ್ನು ಕಟ್ಟಿಹಾಕಿದರು. 1942ರಲ್ಲಿ ಜಪಾನಿನ ವಿರುದ್ಧದ ಯುದ್ಧಕ್ಕಾಗಿ ಅಮೆರಿಕದ ಸೇನೆ ಫುನಾಫುತಿಗೆ ಇಳಿದು, ಸಾವಿರಾರು ತೆಂಗಿನ ಮರ ಕಡಿದು, ಪುಲಾಕ ಹೊಂಡಗಳನ್ನು ಮುಚ್ಚಿ ವಿಮಾನದಾರಿ ಮಾಡಿತು. ಅದಕ್ಕೆ ಬೇಕಾದ ಹವಳವನ್ನು ಅಗೆದದ್ದೂ ಅದೇ ಕಿರಿದಾದ ನೆಲದಿಂದ. ಯುದ್ಧ ಮುಗಿದು ಸೇನೆ ಹೋಯಿತು, ಗುಂಡಿಗಳು ಉಳಿದವು. ಉಬ್ಬರ ಬಂದಾಗ ಉಪ್ಪುನೀರು ಉಕ್ಕುವ, ಕಸ ತುಂಬಿದ ಆ ಗುಂಡಿಗಳ ಅಂಚಿನಲ್ಲೇ ಜನ ಮನೆ ಕಟ್ಟಿಕೊಂಡು ಎಪ್ಪತ್ತು ವರ್ಷ ಬದುಕಿದರು. 2015ರಲ್ಲಿ ನ್ಯೂಜಿಲೆಂಡಿನ ನೆರವಿನಿಂದ ಅವನ್ನು ಮರಳಿನಿಂದ ತುಂಬಿಸಲಾಯಿತು. ಆ ವಿಮಾನದಾರಿ ಈಗಲೂ ದೇಶದ ಏಕೈಕ ನಿಲ್ದಾಣ. ವಿಮಾನ ಇಲ್ಲದ ಸಂಜೆಗಳಲ್ಲಿ ಊರಿನ ಆಟದ ಬಯಲೂ ಅದೇ.

1974ರ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗಿಲ್ಬರ್ಟ್ ದ್ವೀಪಗಳಿಂದ ಬೇರೆಯಾಗಲು ಮತ ಹಾಕಿದರು. ಬ್ರಿಟನ್ನಿನ ಷರತ್ತು ಕಠಿಣವಾಗಿತ್ತು: ಜಂಟಿ ವಸಾಹತಿನ ಫಾಸ್ಫೇಟ್ ಗಣಿಯ ರಾಜಧನದಲ್ಲಿ ಪಾಲಿಲ್ಲ, ಸಿಗುವುದು ಒಂದು ಹಡಗು. ಹಾಗಾದರೂ ಸರಿ ಎಂದು ಅವರು ಹೊರಟರು. 1978ರ ಅಕ್ಟೋಬರ್ 1ರಂದು ಸ್ವತಂತ್ರರಾದರು. ಈ ಜನರನ್ನು ಬರೀ ಸಂತ್ರಸ್ತರೆಂದು ಕಾಣುವ ಮುನ್ನ ಈ ಮತದಾನವನ್ನು ನೆನೆಯಬೇಕು.

ಈಗಿನ ಲೆಕ್ಕಕ್ಕೆ ಬರುತ್ತೇನೆ. ಮೂವತ್ತು ವರ್ಷಗಳಲ್ಲಿ ಅಲ್ಲಿನ ಕಡಲು ಸುಮಾರು 15 ಸೆಂಟಿಮೀಟರ್ ಏರಿದೆ ಎಂದು ನಾಸಾ 2023ರಲ್ಲಿ ಅಳೆದು ಹೇಳಿತು. ಗೇಣಿಗಿಂತ ಕಡಿಮೆ ನಿಜ. ಆದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬರುವ ವರ್ಷದ ದೊಡ್ಡ ಉಬ್ಬರ ಈ ಏರಿಕೆಯ ಮೇಲೆ ಕೂರುತ್ತದೆ. ಆಗ ಮೋಡವಿಲ್ಲದ ದಿನವೂ ಅಂಗಳದ ಮರಳಿನಿಂದ ನೀರು ಗುಳುಗುಳು ಎಂದು ಮೇಲೇಳುತ್ತದೆ. ಹವಳದ ನೆಲ ತೂತು ತೂತು. ಸುತ್ತ ಗೋಡೆ ಕಟ್ಟಿದರೂ ನೀರು ಅಡಿಯಿಂದ ಬಂದೇ ಬರುತ್ತದೆ. ಅದಕ್ಕೇ ಫುನಾಫುತಿಯಲ್ಲಿ ಹವಳದ ಬಳೆಯ ನಡುವಿನ ಕೊಳದಿಂದ ಮರಳೆತ್ತಿ ಏಳು ಹೆಕ್ಟೇರಿಗೂ ಹೆಚ್ಚು ವಿಸ್ತಾರದ, ಎತ್ತರಿಸಿದ ಹೊಸ ನೆಲ ಮಾಡಿದ್ದಾರೆ.

ನಿಮ್ಮ ಕೊನೆಯ ಪ್ರಶ್ನೆ, ಜನ ಎಲ್ಲಿಗೆ ಹೋಗುತ್ತಾರೆ ಎಂಬುದು. ಹೋಗುವುದೇ ಖಚಿತ ಎಂಬ ಮಾತನ್ನು ತುವಾಲು ಸರ್ಕಾರ ಒಪ್ಪುವುದಿಲ್ಲ. ನೆಲಕ್ಕೆ ಏನಾದರೂ ತಮ್ಮ ರಾಷ್ಟ್ರ ಶಾಶ್ವತ ಎಂದು 2023ರಲ್ಲಿ ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ. ಅದೇ ವರ್ಷ ಆಸ್ಟ್ರೇಲಿಯಾದೊಡನೆ ಮಾಡಿಕೊಂಡ ಒಪ್ಪಂದದ ಹೆಸರು ಫಲೆಪಿಲಿ. ಅವರ ನುಡಿಯಲ್ಲಿ ಅದು ನೆರೆಮನೆಯವರ ನಡುವಿನ ಅಕ್ಕರೆ, ಹೊಣೆ. ಇದರ ಪ್ರಕಾರ ವರ್ಷಕ್ಕೆ 280 ಮಂದಿ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಬಹುದು, ಆಯ್ಕೆ ಚೀಟಿ ಎತ್ತಿ. ಪ್ರತಿಯಾಗಿ, ಬೇರೆ ದೇಶಗಳೊಡನೆ ರಕ್ಷಣಾ ಒಪ್ಪಂದ ಮಾಡಿಕೊಳ್ಳುವ ಮುನ್ನ ತುವಾಲು ಆಸ್ಟ್ರೇಲಿಯಾದ ಒಪ್ಪಿಗೆ ಪಡೆಯಬೇಕು. ಇದು ಭಾರಿ ಬೆಲೆ ಎಂದೇ ನನಗನಿಸುತ್ತದೆ. 2025ರ ಮೊದಲ ಸುತ್ತಿಗೆ ಮನೆಮಂದಿಯೂ ಸೇರಿ 8,750 ಜನ ಹೆಸರು ಬರೆಸಿದರು. ಇದನ್ನು ಊರು ಬಿಡುವ ತೀರ್ಮಾನವೆಂದು ಓದಬೇಡಿ. ಈ ಒಪ್ಪಂದದಡಿ ವೀಸಾ ಸಿಕ್ಕವರು ಅಲ್ಲಿ ಕೆಲಸ ಮಾಡಬಹುದು, ಮಕ್ಕಳನ್ನು ಓದಿಸಬಹುದು, ಬೇಕೆಂದಾಗಲೆಲ್ಲ ತುವಾಲುವಿಗೆ ಬಂದು ಹೋಗಬಹುದು.